ಅಪ್ಪನ ಸಾಲಕ್ಕೆ ಮಗನ ಮೈ ಹೊಣೆಯಲ್ಲ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಬೀಜ, ಗೊಬ್ಬರ, ಒಡ್ಡುಗಳ ವಿಷಯವನ್ನು ಹೇಳಲು ಇಲ್ಲಿ ನಿಂತಿಲ್ಲ. ಅವುಗಳನ್ನು ನನಗಿಂತ ಚೆನ್ನಾಗಿ ತಿಳಿದವರು ನೀವು. ಮನೆಯ ಯಜಮಾನನು ತೀರಿಕೊಂಡ ಮೇಲೆ ಆತನ ಹೆಂಡತಿ ಮಕ್ಕಳ ತಲೆಯ ಮೇಲೆ ಬೀಳುವ ಒಂದು ಹೊರೆಯ ವಿಷಯವನ್ನು ಹೇಳಬೇಕೆಂದು ಬಂದಿದ್ದೇನೆ. ಅದು ಸಾಲದ ಹೊರೆ. ಅದರಲ್ಲಿ ಹೊರಬೇಕಾದದ್ದು ಎಷ್ಟು, ಇಳಿಸಿ ಇಡಬಹುದಾದದ್ದು ಎಷ್ಟು ಎಂಬುದನ್ನು ತಿಳಿಯದೆ ನಮ್ಮ ಎಷ್ಟೋ ಮನೆಗಳು ಕೆಟ್ಟಿವೆ.

ಇಂಥ ಮನೆಯನ್ನು ನೀವೂ ಕಂಡಿರುತ್ತೀರಿ. ಮಣ್ಣು ಮಾಡಿ ಬಂದು ಇನ್ನೂ ಹನ್ನೊಂದು ದಿನ ತುಂಬಿರುವುದಿಲ್ಲ. ಪಡಸಾಲೆಯಲ್ಲಿ ಒಬ್ಬರು ಬಂದು ಕೂಡುತ್ತಾರೆ. ಅವರು ಕೂಗಾಡುವುದಿಲ್ಲ, ಬಯ್ಯುವುದಿಲ್ಲ. ಮೆಲ್ಲಗೆ ಹೇಳುತ್ತಾರೆ: “ನೋಡವಾ ತಂಗಿ, ನಿನ್ನ ಗಂಡ ಭಾಳ ಮಾನವಂತ ಇದ್ದ. ಮಾತಿಗೆ ತಪ್ಪಿದಾಂವ ಅಲ್ಲ. ರೊಕ್ಕ ಈಗ ಕೊಡು ಅಂತ ನಾ ಕೇಳಾಕ ಬಂದಿಲ್ಲ. ಮಗನ್ನ ನಾಕ ವರ್ಷ ನಮ್ಮ ಮನ್ಯಾಗ ಬಿಡು. ಸಾಲ ಹರೀತದ. ಸತ್ತಾಂವನ ಜೀವಕ್ಕೂ ಶಾಂತಿ ಆಕ್ಕತಿ.”

ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು ಮಗನ ಮುಖ ನೋಡುತ್ತಾಳೆ. ಮಗನು ತಲೆ ಬಾಗಿಸುತ್ತಾನೆ. ಆ ಹುಡುಗನನ್ನು ಯಾರೂ ಹಗ್ಗದಿಂದ ಕಟ್ಟಲಿಲ್ಲ. ಅಪ್ಪನ ಋಣ ಎಂಬ ಒಂದು ಮಾತೇ ಅವನನ್ನು ಕಟ್ಟಿತು. ಈಗ ಸಾಹುಕಾರರ ಮನೆಯೇ ಆಗಬೇಕೆಂದಿಲ್ಲ. ಊರು ಬಿಟ್ಟು ದೂರದ ಇಟ್ಟಿಗೆ ಭಟ್ಟಿಗೋ ಕಬ್ಬು ಕಡಿಯುವುದಕ್ಕೋ ಗುಳೆ ಹೋಗುವಾಗ ಅಪ್ಪನು ಹಿಡಿದ ಮುಂಗಡವನ್ನು ಮಗನು ದುಡಿದು ತೀರಿಸಬೇಕೆಂದು ಮೇಸ್ತ್ರಿಯೊಬ್ಬನು ಬಂದು ಕೂಡಬಹುದು. ಬಟ್ಟೆ ಬೇರೆ, ಮಾತು ಒಂದೇ.

ಬಂಧುಗಳೇ, ನಾನು ಈ ಹೊತ್ತು ಹೇಳಬೇಕಾದ ಮಾತು ಒಂದೇ. ಅಪ್ಪನ ಸಾಲವು ಅಪ್ಪನು ಬಿಟ್ಟುಹೋದ ಆಸ್ತಿಯ ಮೇಲೆ ನಿಲ್ಲುತ್ತದೆ. ಮಗನ ಮೈಮೇಲೆ ಅದು ಏರುವಂತಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಈ ದೇಶದ ಕಾಯಿದೆಯ ಮಾತು.

ಅಪ್ಪನ ಸಾಲವನ್ನು ಮಗನು ತೀರಿಸಬೇಕೆಂಬ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಇದು ಬಹಳ ಹಳೆಯದು. ಸಾಲ ತೀರಿಸದೆ ಸತ್ತವನಿಗೆ ಸದ್ಗತಿ ಇಲ್ಲ, ಮಗನು ಅದನ್ನು ತೀರಿಸಿ ತಂದೆಯನ್ನು ಬಿಡಿಸಬೇಕು ಎಂದು ಹಿಂದಿನ ಧರ್ಮಶಾಸ್ತ್ರಗಳು ಹೇಳಿದವು. ಆ ಶಾಸ್ತ್ರಗಳಲ್ಲಿ ಯಾಜ್ಞವಲ್ಕ್ಯ ಸ್ಮೃತಿ ಒಂದು. ಅದಕ್ಕೆ ಮಿತಾಕ್ಷರಾ ಎಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಸೀಮೆಯವನೇ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಅವನಿದ್ದನು. ಮುಂದೆ ದೇಶದ ಬಹುಭಾಗದ ಹಿಂದೂಗಳ ಆಸ್ತಿಯ ನ್ಯಾಯಕ್ಕೆ ಆ ಗ್ರಂಥವೇ ಆಧಾರವಾಯಿತು. ಆದರೆ ಆ ಶಾಸ್ತ್ರವೂ ಎಲ್ಲ ಸಾಲವನ್ನೂ ಮಗನ ಮೇಲೆ ಹೊರಿಸಲಿಲ್ಲ. ತಂದೆಯು ಕುಡಿತಕ್ಕೆ, ಜೂಜಿಗೆ, ಪರಸ್ತ್ರೀ ಚಟಕ್ಕೆ ಮಾಡಿದ ಸಾಲವನ್ನು ಮಗನು ಕೊಡಬೇಕಾದುದಿಲ್ಲ ಎಂದು ಅದು ಅಂದೇ ಹೇಳಿತು. ಸಾಹುಕಾರರು ಶಾಸ್ತ್ರದ ಮೊದಲರ್ಧವನ್ನು ನೆನಪಿಟ್ಟುಕೊಂಡರು, ಉಳಿದರ್ಧವನ್ನು ಮರೆತರು.

ಇಂಗ್ಲಿಷರ ಕಾಲದಲ್ಲಿ ನಮ್ಮ ಪಕ್ಕದ ಧಾರವಾಡ ಸೀಮೆ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಅಲ್ಲಿಯ ಕೋರ್ಟುಗಳು ತಂದೆ ಏನೂ ಆಸ್ತಿ ಬಿಡದಿದ್ದರೂ ಮಗನಿಂದ ಸಾಲ ವಸೂಲು ಮಾಡಿಸುತ್ತಿದ್ದವು. ಇದು ಅನ್ಯಾಯವೆಂದು ಕಂಡು 1866ರಲ್ಲಿ ಮುಂಬಯಿಯಲ್ಲಿ ಒಂದು ಕಾಯಿದೆ ತರಲಾಯಿತು. ಕೈಗೆ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ವಾರಸುದಾರನು ಹೊಣೆ ಎಂದು ಅದು ಗೊತ್ತುಮಾಡಿತು. ನಮ್ಮ ಭಾಗವು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ನಾವು ಆ ಆಳ್ವಿಕೆಯಿಂದ ಬಿಡುಗಡೆ ಹೊಂದಿದೆವು. 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಸೇರಿದೆವು. 1998ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾಯಿತು. ದೊರೆಗಳು ಹೋದರು, ಜಹಗೀರುಗಳು ಹೋದವು, ಗಡಿಗಳು ಬದಲಾದವು. ಅಪ್ಪನ ಸಾಲಕ್ಕೆ ಮಗನು ಆಳು ಎಂಬ ಹಳೆಯ ಮಾತು ಮಾತ್ರ ಎಷ್ಟೋ ಪಡಸಾಲೆಗಳಿಂದ ಎದ್ದುಹೋಗಲಿಲ್ಲ.

ಈಗಿನ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ದಯವಿಟ್ಟು ಲಕ್ಷ್ಯವಿಟ್ಟು ಕೇಳಿರಿ.

ಮೊದಲನೆಯದು, ಹಿಂದೂ ಉತ್ತರಾಧಿಕಾರ ಕಾಯಿದೆ. ಇದಕ್ಕೆ 2005ರಲ್ಲಿ ಒಂದು ತಿದ್ದುಪಡಿ ಆಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟದ್ದು ಈ ತಿದ್ದುಪಡಿಯೇ ಎಂಬುದನ್ನು ನೀವೆಲ್ಲ ಬಲ್ಲಿರಿ. ಅದರಲ್ಲೇ ಇನ್ನೊಂದು ಮಾತಿದೆ. ಅದನ್ನು ಬಲ್ಲವರು ಕಡಿಮೆ. ಮಗ, ಮೊಮ್ಮಗ, ಮರಿಮಗ ಎಂಬ ಧರ್ಮದ ಹೊಣೆಯೊಂದನ್ನೇ ಮುಂದೆ ಮಾಡಿ ತಂದೆಯ, ಅಜ್ಜನ, ಮುತ್ತಜ್ಜನ ಸಾಲವನ್ನು ಅವರಿಂದ ವಸೂಲು ಮಾಡಲು ಯಾವ ಕೋರ್ಟೂ ಒಪ್ಪತಕ್ಕದ್ದಲ್ಲ. 2005ರ ಸೆಪ್ಟೆಂಬರ್ 9ರಿಂದ ಇದು ಜಾರಿಯಲ್ಲಿದೆ. ಆ ದಿನಕ್ಕಿಂತ ಮೊದಲು ಮಾಡಿದ ಸಾಲಗಳಿಗೆ ಹಳೆಯ ನಿಯಮವೇ ನಡೆಯುತ್ತದೆ.

ಎರಡನೆಯದು, ದಿವಾಣಿ ಪ್ರಕ್ರಿಯಾ ಸಂಹಿತೆ. ಇದು ಎಲ್ಲ ಮತದವರಿಗೂ ಒಂದೇ. ಸಾಲಗಾರನು ತೀರಿಕೊಂಡರೆ ಆತನ ಆಸ್ತಿಯಲ್ಲಿ ವಾರಸುದಾರರ ಕೈಗೆ ಬಂದದ್ದು ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಅವರು ಹೊಣೆ. ನಮ್ಮ ಮುಸಲ್ಮಾನ ಬಾಂಧವರ ಪದ್ಧತಿಯಲ್ಲಿಯೂ ತೀರಿಹೋದವರ ಆಸ್ತಿಯಿಂದಲೇ ಮೊದಲು ಸಾಲ ತೀರಿಸಬೇಕು, ಉಳಿದದ್ದನ್ನು ಹಂಚಿಕೊಳ್ಳಬೇಕು ಎಂದಿದೆ.

ಒಂದು ಲೆಕ್ಕ ಹೇಳುತ್ತೇನೆ. ಒಬ್ಬ ರೈತನು 6 ಲಕ್ಷ ರೂಪಾಯಿ ಸಾಲ ಬಿಟ್ಟು ತೀರಿಕೊಂಡನೆಂದು ಇಟ್ಟುಕೊಳ್ಳಿ. ಆತನು ಬಿಟ್ಟ ಹೊಲ ಮತ್ತು ಇತರ ಸೊತ್ತಿನ ಬೆಲೆ 4 ಲಕ್ಷ ರೂಪಾಯಿ. ಸಾಲ ಕೊಟ್ಟವನು ಆ 4 ಲಕ್ಷದ ಸೊತ್ತಿನ ಮೇಲೆ ಹಕ್ಕು ಸಾಧಿಸಬಹುದು. ಉಳಿದ 2 ಲಕ್ಷಕ್ಕಾಗಿ ಮಗನ ಕೂಲಿಯನ್ನಾಗಲಿ, ಮಗನು ತಾನು ದುಡಿದು ಕೊಂಡ ಎತ್ತುಗಳನ್ನಾಗಲಿ, ಸೊಸೆಯು ತವರಿನಿಂದ ತಂದ ಒಡವೆಯನ್ನಾಗಲಿ ಮುಟ್ಟುವಂತಿಲ್ಲ. ಅಪ್ಪನು ಏನೂ ಬಿಡದೆ ಹೋಗಿದ್ದರೆ ಮಗನಿಂದ ಕೇಳಲು ಏನೂ ಇಲ್ಲ. ಇಷ್ಟೇ ಅಲ್ಲದೆ, ಬೇಸಾಯವನ್ನೇ ನಂಬಿದವನು ವಾಸಿಸುವ ಮನೆ, ಅವನ ಬೇಸಾಯದ ಸಾಮಾನು, ದುಡಿಮೆಗೆ ಬೇಕಾದ ದನ, ಬಿತ್ತನೆಯ ಕಾಳು, ಅಡಿಗೆಯ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ ಇವುಗಳನ್ನು ಸಾಧಾರಣ ಸಾಲದ ಡಿಕ್ರಿಗಾಗಿ ಜಪ್ತಿ ಮಾಡಕೂಡದೆಂದು ಅದೇ ಸಂಹಿತೆಯಲ್ಲಿ ಹೇಳಿದೆ.

ಮೂರನೆಯದು, ಜೀತ ಪದ್ಧತಿಯನ್ನು ರದ್ದುಮಾಡಿದ ಕಾಯಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಪುಸ್ತಕ ಬಂದದ್ದು 1933ರಲ್ಲಿ. ಅಪ್ಪನ ಸಣ್ಣ ಸಾಲವನ್ನು ಹರಿಯಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗನು ಜ್ವರದಿಂದ ಸಾಯುತ್ತಾನೆ. ಕೊನೆಗೆ ಮಗಳೂ ಹೋಗಬೇಕಾಗುತ್ತದೆ. ಈ ಕಥೆ ಸಿನಿಮಾ ಆದದ್ದು 1975ರಲ್ಲಿ. ಅದೇ ವರ್ಷ ಅಕ್ಟೋಬರ್ 25ರಿಂದ ದೇಶದಲ್ಲಿ ಜೀತವು ರದ್ದಾಯಿತು. ಮೊದಲು ಸುಗ್ರೀವಾಜ್ಞೆಯಾಗಿ ಬಂದದ್ದು 1976ರಲ್ಲಿ ಕಾಯಿದೆಯಾಯಿತು.

ಜೀತವೆಂದರೆ ಏನೆಂದು ಈ ಕಾಯಿದೆ ವಿವರಿಸುವಾಗ ವಾರಸಿನಿಂದ ಬಂದ ಹೊಣೆಯನ್ನೂ ಹೆಸರಿಸುತ್ತದೆ. ಎಂದರೆ ಅಪ್ಪನ ಅಥವಾ ಅಜ್ಜನ ಸಾಲಕ್ಕಾಗಿ ಮಗನು ಕೂಲಿಯಿಲ್ಲದೆ ಅಥವಾ ಹೆಸರಿಗೆ ಮಾತ್ರ ಕೂಲಿ ಪಡೆದು ದುಡಿಯುವಂತಾದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಅವನಿಗೆ ತಪ್ಪಿದರೆ, ಅದು ಜೀತವೇ. ಅಂಥ ಕರಾರು, ಬಾಯಿಮಾತಿನದಾಗಲಿ ಬರಹದ್ದಾಗಲಿ, ನಡೆಯುವುದಿಲ್ಲ. ಆ ಸಾಲವೇ ರದ್ದು. ಅದಕ್ಕಾಗಿ ಒತ್ತೆ ಹಿಡಿದ ಆಸ್ತಿಯನ್ನು ಬಿಟ್ಟುಕೊಡಬೇಕು. ರದ್ದಾದ ಸಾಲಕ್ಕೆ ಪುನಃ ಹಣ ತೆಗೆದುಕೊಂಡವನಿಗೆ 3 ವರ್ಷಗಳವರೆಗೆ ಸೆರೆಮನೆವಾಸದ ಶಿಕ್ಷೆಯಿದೆ. ಇದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಭಾರವೂ ಸಾಲ ಕೊಟ್ಟವನ ಮೇಲೆಯೇ ಇದೆ, ದುಡಿಯುವವನ ಮೇಲಿಲ್ಲ.

ಇನ್ನು ಮಕ್ಕಳ ಮಾತು. ಹೆತ್ತವರೇ ಮುಂಗಡ ಪಡೆದು ಮಕ್ಕಳ ದುಡಿಮೆಯನ್ನು ಒತ್ತೆ ಇಡುವುದು ಅಸಿಂಧುವೆಂದು 1933ರಷ್ಟು ಹಿಂದೆಯೇ ಒಂದು ಕಾಯಿದೆ ಸಾರಿತ್ತು. ಈಗ 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದೇ ಅಪರಾಧ. 6ರಿಂದ 14 ವರ್ಷದವರೆಗೆ ಶಾಲೆಯು ಮಗುವಿನ ಹಕ್ಕು. ಅಪ್ಪ ಬದುಕಿದ್ದರೂ ಅಷ್ಟೇ, ಸತ್ತರೂ ಅಷ್ಟೇ.

ಇಷ್ಟು ಹೇಳಿದ ಮೇಲೆ ಹಿರಿಯರೊಬ್ಬರು ನನ್ನನ್ನು ಕೇಳಬಹುದು: “ಹಂಗಾದ್ರ ಸಾಲ ಮುಳುಗಸ್ರಿ ಅಂತ ಹೇಳಾಕ ಬಂದಿರೇನು?” ಇಲ್ಲ, ಯಜಮಾನರೇ. ಆ ಮಾತನ್ನು ನಾನು ಆಡುವುದಿಲ್ಲ. ನ್ಯಾಯವಾಗಿ ಕೊಟ್ಟ ಸಾಲವು ನ್ಯಾಯವಾಗಿ ಹಿಂದಿರುಗಬೇಕು. ಇಲ್ಲವಾದರೆ ನಾಳೆ ಯಾರಿಗೂ ಯಾರೂ ಕೈಗಡ ಕೊಡುವುದಿಲ್ಲ. ಆದುದರಿಂದ ನೀವು ಹೊಣೆಯಾಗುವ ಸಂದರ್ಭಗಳನ್ನೂ ತಿಳಿದಿರಬೇಕು.

ಅಪ್ಪನು ಹೊಲವನ್ನು ಅಡವು ಇಟ್ಟು ಸಾಲ ತಂದಿದ್ದರೆ ಆ ಅಡವು ಹೊಲದ ಜೊತೆಗೇ ನಿಮ್ಮ ಕೈಗೆ ಬರುತ್ತದೆ. ಅಪ್ಪನು ಮನೆತನದ ಯಜಮಾನನಾಗಿ ಬೇಸಾಯಕ್ಕೆ, ಮನೆಯ ನಿಜವಾದ ಅಗತ್ಯಕ್ಕೆ ತಂದ ಸಾಲವು ಒಟ್ಟು ಕುಟುಂಬದ ಆಸ್ತಿಗೆ ತಟ್ಟುತ್ತದೆ. ಆ ಆಸ್ತಿಯಲ್ಲಿ ನಿಮ್ಮ ಪಾಲೂ ಇರುತ್ತದೆ. ನೀವೇ ಜಂಟಿಯಾಗಿ ಸಹಿ ಮಾಡಿದ್ದರೆ ಅಥವಾ ಜಾಮೀನು ನಿಂತಿದ್ದರೆ ಆ ಸಾಲ ನಿಮ್ಮದೂ ಹೌದು. ಈ ಮೂರನ್ನು ಬಿಟ್ಟು, ಮಗನಾಗಿ ಹುಟ್ಟಿದ್ದೊಂದೇ ಕಾರಣದಿಂದ ಯಾರೂ ಸಾಲಗಾರನಾಗುವುದಿಲ್ಲ.

ಹಾಗಾದರೆ ಮನೆಯಲ್ಲಿ ಸಾವಾದಾಗ ಏನು ಮಾಡಬೇಕು? ಕೆಲವು ಸೂಚನೆಗಳನ್ನು ಹೇಳುತ್ತೇನೆ. ಮನೆಯಲ್ಲಿ ಓದು ಬಲ್ಲ ಹುಡುಗರಿದ್ದರೆ ಬರೆದಿಟ್ಟುಕೊಳ್ಳಲಿ.

ಒಂದು: ದುಃಖದ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ, ಹೆಬ್ಬೆಟ್ಟು ಒತ್ತಬೇಡಿರಿ. ಇದು ಎಲ್ಲಕ್ಕಿಂತ ದೊಡ್ಡ ಮಾತು. ಅಪ್ಪನ ಪ್ರಾಮಿಸರಿ ನೋಟನ್ನು ಹರಿದುಹಾಕಿ ನಿಮ್ಮ ಹೆಸರಿನಲ್ಲಿ ಹೊಸದನ್ನು ಬರೆಸಿಕೊಂಡರೆ, ಅಲ್ಲಿಯವರೆಗೆ ಅಪ್ಪನ ಆಸ್ತಿಯ ಮೇಲಿದ್ದ ಸಾಲವು ಆ ಕ್ಷಣದಿಂದ ನಿಮ್ಮ ಮೈಮೇಲೆ ಬಂತು. ಕಾಯಿದೆಯು ಇಳಿಸಿದ ಹೊರೆಯನ್ನು ನೀವೇ ಎತ್ತಿ ಹೊತ್ತುಕೊಂಡಂತಾಯಿತು.

ಎರಡು: ಬಂದವರನ್ನು ಮರ್ಯಾದೆಯಿಂದ ಕೂಡಿಸಿ, ಕಾಗದ ತೋರಿಸಿರೆಂದು ಕೇಳಿರಿ. ಯಾವ ದಿನ ಕೊಟ್ಟದ್ದು, ಅಸಲು ಎಷ್ಟು, ಬಡ್ಡಿ ಎಷ್ಟು, ಎಷ್ಟು ತೀರಿದೆ ಎಂಬುದನ್ನು ಬರೆದುಕೊಳ್ಳಿರಿ. ಬಡ್ಡಿ ವ್ಯವಹಾರ ಮಾಡುವವರಿಗೆ ಲೈಸೆನ್ಸು ಇರಬೇಕು. ಹಣ ಸಂದಾಯವಾದಾಗ ಅವರು ರಸೀದಿ ಕೊಡಬೇಕು.

ಮೂರು: ಪ್ರಾಮಿಸರಿ ನೋಟಿಗೆ ಸಾಮಾನ್ಯವಾಗಿ 3 ವರ್ಷದ ವಾಯಿದೆ. ಅಷ್ಟರೊಳಗೆ ದಾವಾ ಹೂಡದಿದ್ದರೆ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ಆದರೆ ಅವಧಿಯೊಳಗೆ ಸಾಲ ಒಪ್ಪಿಕೊಂಡು ಬರೆದುಕೊಟ್ಟರೆ ವಾಯಿದೆ ಪುನಃ ಮೊದಲಿನಿಂದ ಎಣಿಕೆಯಾಗುತ್ತದೆ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಹಿ ಮಾಡಿ ಬರೆದುಕೊಟ್ಟರೂ ಅದಕ್ಕೆ ಪುನಃ ಜೀವ ಬರುತ್ತದೆ. ಮೊದಲನೆಯ ಸೂಚನೆಯನ್ನು ಇನ್ನೊಮ್ಮೆ ನೆನೆಯಿರಿ.

ನಾಲ್ಕು: ಅಪ್ಪನು ಬಿಟ್ಟ ಆಸ್ತಿಯ ಪಟ್ಟಿಯನ್ನೂ ಸಾಲದ ಪಟ್ಟಿಯನ್ನೂ ಎದುರುಬದುರು ಬರೆಯಿರಿ. ಸಹಕಾರಿ ಸಂಘದಲ್ಲಾಗಲಿ ಬ್ಯಾಂಕಿನಲ್ಲಾಗಲಿ ಸಾಲವಿದ್ದರೆ, ಆ ಸಾಲಕ್ಕೆ ಅಥವಾ ಅಪ್ಪನ ಹೆಸರಿಗೆ ವಿಮೆ ಇತ್ತೇ ಎಂದು ಹೋಗಿ ವಿಚಾರಿಸಿರಿ. ವಿಮೆ ಇದ್ದುದೇ ಮನೆಯವರಿಗೆ ತಿಳಿಯದೆ ಹೋಗುವುದುಂಟು.

ಐದು: ಯಾರಾದರೂ ಹೆದರಿಸಿದರೆ, ಮನೆಯ ಮುಂದೆ ಕುಳಿತು ಮಾನ ಕಳೆದರೆ, ಹೆಂಗಸರನ್ನು ಮಕ್ಕಳನ್ನು ಹಿಂಬಾಲಿಸಿದರೆ ಪೊಲೀಸು ಠಾಣೆಗೆ ಹೋಗಿರಿ. ಕಿರುಸಾಲದವರ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದು, ಆ ಬಳಿಕ ಅದೇ ವರ್ಷ ಕಾಯಿದೆಯಾಯಿತು. ಸಾಲಗಾರನನ್ನು ಮಾತ್ರವಲ್ಲ, ಅವನ ಮನೆಯವರನ್ನು ಪೀಡಿಸುವುದೂ ಅದರಲ್ಲಿ ಅಪರಾಧ. 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಗಳವರೆಗೆ ದಂಡ ಇದೆ. ಆದರೆ ನೋಂದಾಯಿತ ಸಂಸ್ಥೆಗಳಿಂದ ತಂದ ಸಾಲವು ಇದರಿಂದ ಮನ್ನಾ ಆಗುವುದಿಲ್ಲ ಎಂಬುದನ್ನೂ ತಿಳಿದಿರಿ.

ಆರು: ನಿಮ್ಮ ಮನೆಯವರು ಅಥವಾ ನೆರೆಯವರು ಸಾಲಕ್ಕಾಗಿ ಎಲ್ಲಿಯೇ ಜೀತದಲ್ಲಿದ್ದರೂ ತಹಶೀಲ್ದಾರರಿಗೆ, ಸಹಾಯಕ ಆಯುಕ್ತರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿರಿ. ವಿಚಾರಣೆಯಾಗಿ ಜೀತವೆಂದು ಕಂಡರೆ ಬಿಡುಗಡೆ ಪತ್ರ ಸಿಗುತ್ತದೆ. 2016ರ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿಗಳ ಪುನರ್ವಸತಿ ನೆರವನ್ನು ನಿಯಮಗಳಿಗೆ ಒಳಪಟ್ಟು ಗೊತ್ತುಮಾಡಲಾಯಿತು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿರಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಿಟ್ಟಿ ದುಡಿಮೆಗೆ ಸಿಕ್ಕವರಿಗೆ ಆದಾಯ ನೋಡದೆ ಕಾನೂನಿನ ನೆರವು ಉಚಿತ. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಅಥವಾ 15100 ಎಂಬ ಸಂಖ್ಯೆಗೆ ಫೋನು ಮಾಡಿರಿ.

ಈಗ ಕಾಯಿದೆಯ ಮಾತು ಬಿಟ್ಟು ಮನಸ್ಸಿನ ಮಾತಿಗೆ ಬರುತ್ತೇನೆ. ಕಾಯಿದೆ ಸಾಲದಿಂದ ಬಿಡಿಸಬಹುದು. ಆದರೆ ಮಗನ ಮನಸ್ಸಿನಲ್ಲಿ ಕೊರೆಯುವ ಹುಳುವನ್ನು ಅದು ತೆಗೆಯಲಾರದು. “ಅಪ್ಪ ನಮಗೋಸ್ಕರವೇ ಸಾಲ ಮಾಡಿದ. ಅಕ್ಕನ ಮದುವೆಗೆ ಮಾಡಿದ, ಬೋರು ಕೊರೆಸಲು ಮಾಡಿದ. ಈಗ ಕಾಯಿದೆ ಹಿಡಿದು ನಾನು ಪಾರಾದರೆ ಊರು ಏನೆಂದೀತು? ಅಪ್ಪನ ಹೆಸರು ಉಳಿದೀತೇ?” ಒಳ್ಳೆಯ ಮಗನಿಗೆ ಈ ಚಿಂತೆ ಬರುವುದು ಸಹಜ. ಬರಬೇಕಾದದ್ದೇ. ಮೆಲ್ಲಗೆ ಮಾತಾಡುವ ಸಾಹುಕಾರನು ಹಿಡಿಯುವುದೂ ಇದನ್ನೇ.

ಅಂಥ ಮಗನಿಗೆ ನಾನು ಹೇಳುವುದಿಷ್ಟು. ತಮ್ಮಾ, ನಿನ್ನ ಅಪ್ಪನು ನಿನ್ನನ್ನು ಯಾಕೆ ಸಾಕಿದನು? ಮಳೆ ಕೈಕೊಟ್ಟ ವರ್ಷವೂ ಸಜ್ಜೆಯೋ ಜೋಳವೋ ಒಂದಿಷ್ಟು ತಂದು ನಿನ್ನ ತಾಟಿಗೆ ಹಾಕಿ ತಾನು ನೀರು ಕುಡಿದು ಮಲಗಿದ್ದು, ನೀನು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಸಗಣಿ ಬಾಚಲಿ ಎಂದೇ? ಅಪ್ಪನ ಋಣವೆಂಬುದು ದೊಡ್ಡದು, ಒಪ್ಪಿದೆ. ಆದರೆ ಆ ಋಣ ಅಪ್ಪನಿಗೆ ಸಲ್ಲಬೇಕಾದದ್ದು, ಸಾಹುಕಾರನಿಗಲ್ಲ. ಅವ್ವನನ್ನು ಚೆನ್ನಾಗಿ ನೋಡಿಕೋ. ತಂಗಿಯನ್ನು ಶಾಲೆ ಬಿಡಿಸಬೇಡ. ಹೊಲವನ್ನು ಬೀಳು ಬಿಡಬೇಡ. ಆ ಋಣ ಅಲ್ಲಿ ತೀರುತ್ತದೆ. ಅಪ್ಪ ಬಿಟ್ಟ ಆಸ್ತಿಯಿಂದ ನ್ಯಾಯವಾದ ಸಾಲವನ್ನು ತೀರಿಸು. ಅದು ಮುಗಿದ ಮೇಲೂ, ಕಷ್ಟಕಾಲದಲ್ಲಿ ಬಡ್ಡಿಯಿಲ್ಲದೆ ಕೈಗಡ ಕೊಟ್ಟ ನೆರೆಯವನೊಬ್ಬನಿಗೆ ನಿನ್ನ ದುಡಿಮೆಯಿಂದ ಕೊಡಬೇಕೆನಿಸಿದರೆ ಸಂತೋಷದಿಂದ ಕೊಡು. ಸುಗ್ಗಿಗೆ ಇಷ್ಟು ಎಂದು, ಕೈಯಲ್ಲಿ ರಸೀದಿ ಪಡೆದು ಕೊಡು. ಅದು ನೀನಾಗಿ ಕೊಟ್ಟದ್ದು, ಹೆದರಿ ಕೊಟ್ಟದ್ದಲ್ಲ. ಆದರೆ ನಿನ್ನ ಮೈಯನ್ನು ಬರೆದುಕೊಡಬೇಡ. ಅದು ನಿನ್ನ ಅಪ್ಪನೂ ಒತ್ತೆ ಇಡಲು ಹಕ್ಕಿಲ್ಲದ ಸೊತ್ತು.

ಕೊನೆಗೆ, ಇಲ್ಲಿ ಕುಳಿತಿರುವ ಅಪ್ಪಂದಿರಿಗೆ ಒಂದು ವಿಜ್ಞಾಪನೆ. ಮಕ್ಕಳನ್ನು ಈ ಹೊರೆಯಿಂದ ಬಿಡಿಸುವ ಕೆಲಸ ನೀವು ಬದುಕಿರುವಾಗಲೇ ಆಗಬೇಕಾದದ್ದು. ನಮ್ಮಲ್ಲಿ ಎಷ್ಟೋ ಯಜಮಾನರು ಸಾಲವನ್ನು ಹೆಂಡತಿಗೂ ಹೇಳುವುದಿಲ್ಲ. ಸತ್ತ ಮೇಲೆ ಬಂದವರು ಹೇಳಿದ್ದೇ ಲೆಕ್ಕವಾಗುತ್ತದೆ. ಒಂದು ನಾಲ್ಕಾಣೆಯ ಸಾಲವಿದ್ದರೂ ನೋಟುಬುಕ್ಕಿನಲ್ಲಿ ಬರೆದಿಡಿರಿ. ಪ್ರತಿ ಯುಗಾದಿಗೆ ಹೆಂಡತಿಯನ್ನೂ ದೊಡ್ಡ ಮಕ್ಕಳನ್ನೂ ಕೂಡಿಸಿಕೊಂಡು ಲೆಕ್ಕ ಓದಿ ಹೇಳಿರಿ. ತೀರಿಸಿದ ಸಾಲದ ಕಾಗದವನ್ನು ಮರಳಿ ಪಡೆದು ಪೆಟ್ಟಿಗೆಯಲ್ಲಿಡಿರಿ. ನಿಮ್ಮ ಸಾಲಕ್ಕೆ ಮಗನ ಸಹಿ ಹಾಕಿಸುವ ಮೊದಲು ನೂರು ಸಲ ಯೋಚಿಸಿರಿ. ಬೇವು ಬೆಲ್ಲ ತಿನ್ನುವ ದಿನ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ನಮ್ಮ ಎಳೆಯರು ಅಪ್ಪನಿಂದ ಹೊಲ ಪಡೆಯಲಿ, ಬೇಸಾಯದ ಬುದ್ಧಿ ಪಡೆಯಲಿ, ಒಳ್ಳೆಯ ಹೆಸರು ಪಡೆಯಲಿ. ಜೀತವನ್ನು ಯಾರೂ ಪಡೆಯದಿರಲಿ. ಈ ಮಾತುಗಳನ್ನು ಇಲ್ಲಿಗೆ ಬಾರದ ನೆರೆಮನೆಯವರಿಗೂ, ಮುಖ್ಯವಾಗಿ ಗಂಡನನ್ನು ಕಳೆದುಕೊಂಡ ತಾಯಂದಿರಿಗೂ ನೀವು ತಿಳಿಸಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.